ಓದುಗರ ಪ್ರಶ್ನೆ: ಕುಂಡದಲ್ಲಿ ತಾನಾಗಿ ಹುಟ್ಟಿದ ಗಣಿಕೆಯನ್ನು ತಿನ್ನಬಹುದೇ?

ಮುಂಗಾರಿನ ಮಳೆ ಬಿದ್ದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬೆರಕೆ ಸೊಪ್ಪಿನ ವಿಚಾರವೇ ಹೆಚ್ಚು. ಅವುಗಳಲ್ಲಿ ಗಣಿಕೆ ಸೊಪ್ಪಿಗೆ ಸಂಬಂಧಿಸಿದ ಪತ್ರಗಳನ್ನು ಮಾತ್ರ ಈ ಸಲ ಆರಿಸಿಕೊಂಡು ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ತಾರಸಿಯ ಕುಂಡದಲ್ಲಿ ಕರಿಬೇವಿನ ಪಕ್ಕ ತಾನಾಗಿಯೇ ಒಂದು ಗಿಡ ಹುಟ್ಟಿ, ಒಂದೂವರೆ ಅಡಿ ಬೆಳೆದು, ಬಿಳಿ ಹೂ ಬಿಟ್ಟು ಈಗ ಹಸಿರು ಕಾಯಿ ಕಟ್ಟಿದೆ. ಮಂಡ್ಯದ ಕಡೆಯವರಾದ ನಮ್ಮ ಅತ್ತೆ ಇದು ಗಣಿಕೆ, ಮಸ್ಸೊಪ್ಪಿಗೆ ಹಾಕು ಎನ್ನುತ್ತಾರೆ. ಮೊಬೈಲಿನಲ್ಲಿ ಗಿಡ ಗುರುತಿಸುವ ಆಪ್ ‘ನೈಟ್‌ಶೇಡ್, ವಿಷಕಾರಿ’ ಎಂದು ತೋರಿಸುತ್ತಿದೆ. ಯಾರ ಮಾತನ್ನು ನಂಬಲಿ?
— ಗೃಹಿಣಿ, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ ಅತ್ತೆಯವರ ಮಾತೇ ಸರಿಯಿರುವ ಸಂಭವ ಹೆಚ್ಚು; ಆದರೂ ಕೆಳಗೆ ಹೇಳಿರುವ ಗುರುತುಗಳನ್ನು ಒಂದೊಂದಾಗಿ ನೋಡಿಕೊಳ್ಳದೆ ಸೊಪ್ಪು ಕೊಯ್ಯಬೇಡಿ. ಆಪ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ನೈಟ್‌ಶೇಡ್ ಎಂಬುದು ಬದನೆ ಕುಟುಂಬದ ಹಲವಾರು ಗಿಡಗಳಿಗೆ ಒಟ್ಟಾಗಿ ಬಳಕೆಯಲ್ಲಿರುವ ಹೆಸರು. ಅವುಗಳಲ್ಲಿ ಪ್ರಾಣಕ್ಕೆ ಅಪಾಯಕಾರಿಯೆಂದು ಕುಖ್ಯಾತವಾದದ್ದು ಬೆಲ್ಲಡೋನ, ಅಂದರೆ ಅಟ್ರೋಪ ಬೆಲ್ಲಡೋನ. ಅದು ಯುರೋಪು, ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಗಿಡ; ಅದರ ಹತ್ತಿರದ ಬಂಧುವೊಂದು ನಮ್ಮ ದೇಶದ ಕಾಶ್ಮೀರದಿಂದ ಹಿಮಾಚಲದವರೆಗಿನ ಎತ್ತರದ ಬೆಟ್ಟಗಳಲ್ಲಿ ಬೆಳೆಯುತ್ತದೆ. ಕರ್ನಾಟಕದ ಹೊಲ, ಹಿತ್ತಿಲು, ಕುಂಡಗಳಲ್ಲಿ ಅದು ತಾನಾಗಿ ಹುಟ್ಟುವುದಿಲ್ಲ. ಇಲ್ಲಿ ಹುಟ್ಟುವುದು ಸೊಲಾನಮ್ ನೈಗ್ರಮ್ ಮತ್ತು ಅದರ ಒಡಹುಟ್ಟುಗಳು. ಸಂಸ್ಕೃತದ ಕಾಕಮಾಚಿ, ತಮಿಳರ ಮಣತ್ತಕ್ಕಾಳಿ, ಹಿಂದಿಯ ಮಕೋಯ್ ಎಲ್ಲವೂ ಇದೇ. ಟೊಮೇಟೊ, ಬದನೆ, ಆಲೂಗಡ್ಡೆಗಳಿಗೂ ಇದು ನೆಂಟ.

ಮೊದಲು ಕಾಂಡವನ್ನು ನೋಡಿ. ಗಣಿಕೆಯ ಕಾಂಡ ಹಸಿರಾಗಿ, ಕೆಲವೊಮ್ಮೆ ನೇರಳೆ ಛಾಯೆಯಿಂದ ಕೂಡಿ, ಮುಟ್ಟಿದರೆ ಸಣ್ಣ ಏಣುಗಳಿದ್ದಂತೆ ತೋರುತ್ತದೆ. ಅದರಲ್ಲಾಗಲಿ ಎಲೆಯ ನರಗಳ ಮೇಲಾಗಲಿ ಮುಳ್ಳಿರುವುದಿಲ್ಲ. ಮುಳ್ಳಿದ್ದರೆ ನೀವು ನೋಡುತ್ತಿರುವುದು ನೆಲಗುಳ್ಳವೋ ಸುಂಡೆಯೋ ಇರಬೇಕು. ಎಲೆಗಳು ಒಂದಾದ ಮೇಲೊಂದರಂತೆ ಬದಲು ಬದಲಾಗಿ ಹುಟ್ಟುತ್ತವೆ, ಮೊಟ್ಟೆಯಾಕಾರದಲ್ಲಿದ್ದು ತುದಿ ಚೂಪಾಗಿರುತ್ತದೆ, ಅಂಚು ಅಲೆಯಲೆಯಾಗಿಯೋ ಮೊಂಡು ಹಲ್ಲುಗಳಿಂದಲೋ ಕೂಡಿರುತ್ತದೆ, ಬುಡವು ಕಿರಿದಾಗುತ್ತ ತೊಟ್ಟಿನೊಳಗೆ ಇಳಿಯುತ್ತದೆ. ಎಲೆಯೊಂದನ್ನೇ ನೋಡಿದರೆ ಮೆಣಸಿನ ಗಿಡವೆಂದು ಯಾರಿಗಾದರೂ ಅನ್ನಿಸಬಹುದು.

ನಿರ್ಣಾಯಕವಾದದ್ದು ಹೂವು ಮತ್ತು ಹಣ್ಣು. ಗಣಿಕೆಯ ಹೂ ಬಹಳ ಚಿಕ್ಕದು. ಐದು ಬಿಳಿ ಎಸಳುಗಳು ನಕ್ಷತ್ರದಂತೆ ಹರಡಿ ಹಿಂದಕ್ಕೆ ಬಾಗಿರುತ್ತವೆ, ನಡುವೆ ಹಳದಿ ಕೇಸರಗಳು ಒಂದಕ್ಕೊಂದು ಅಂಟಿಕೊಂಡಂತೆ ಮುಂದಕ್ಕೆ ಚಾಚಿರುತ್ತವೆ. ಈ ಹೂಗಳು ಒಂಟಿಯಾಗಿ ಬಿಡದೆ ಗೊಂಚಲಾಗಿ ಬಿಡುತ್ತವೆ. ಆ ಗೊಂಚಲಿನ ತೊಟ್ಟು ಎಲೆಯ ಕಂಕುಳಿನಿಂದ ಹೊರಡದೆ, ಎರಡು ಎಲೆಗಳ ನಡುವಣ ಬರಿ ಕಾಂಡದಿಂದ ಹೊರಡುತ್ತದೆ. ಸಾಮಾನ್ಯವಾಗಿ ಯಾರೂ ಗಮನಿಸದ ಈ ಗುರುತನ್ನು ಒಮ್ಮೆ ಕಂಡುಕೊಂಡವರಿಗೆ ಮೆಣಸಿನ ಗಿಡದೊಂದಿಗಿನ ಗೊಂದಲ ಉಳಿಯುವುದಿಲ್ಲ. ಕಾಯಿಗಳು ಬಟಾಣಿಗಿಂತ ತುಸು ಚಿಕ್ಕವು, ಗುಂಡಗಿರುತ್ತವೆ, ಮಾಗಿದಾಗ ಕಪ್ಪಾಗುತ್ತವೆ, ಹಿಚುಕಿದರೆ ರಸದೊಂದಿಗೆ ಚಪ್ಪಟೆಯಾದ ಸಣ್ಣ ಬೀಜಗಳು ಹೊರಬರುತ್ತವೆ. ಬೆಲ್ಲಡೋನವಾದರೋ ಗಂಟೆಯಾಕಾರದ ಮಾಸಲು ನೇರಳೆ ಹೂವನ್ನು ಒಂಟಿಯಾಗಿ ಬಿಡುತ್ತದೆ. ಅದರ ಹಣ್ಣು ಚೆರ್ರಿಯಷ್ಟು ದೊಡ್ಡದಾಗಿದ್ದು, ಐದು ಅಗಲವಾದ ಹಸಿರು ಪುಷ್ಪಪತ್ರಗಳ ಮೇಲೆ ಕುಳಿತಿರುತ್ತದೆ. ಈ ಎರಡನ್ನೂ ಹೂ ಹಣ್ಣು ಸಮೇತ ನೋಡಿದವರು ಒಂದನ್ನು ಇನ್ನೊಂದೆಂದು ತಿಳಿಯುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು.

ಇನ್ನೊಂದು ವಿಷಯ. ನಾವು ಗಣಿಕೆ ಎಂದು ಕರೆಯುವುದು ಒಂದೇ ಜಾತಿಯಲ್ಲ. ಹೊಳಪಿಲ್ಲದ ಕಪ್ಪು ಹಣ್ಣಿನ ನೈಗ್ರಮ್, ಮಿರಮಿರ ಹೊಳೆಯುವ ಕಪ್ಪು ಹಣ್ಣಿನ ಅಮೆರಿಕಾನಮ್, ಕಿತ್ತಳೆ ಬಣ್ಣದ ಹಣ್ಣಿನ ವಿಲ್ಲೋಸಮ್ ಎಂಬ ಮೂರನ್ನೂ ನಮ್ಮ ಜನ ಒಂದೇ ಹೆಸರಿನಿಂದ ಕರೆದು, ಒಂದೇ ರೀತಿಯಲ್ಲಿ ಬೇಯಿಸಿ ತಿನ್ನುತ್ತಾರೆ. ಈ ಗುಂಪಿನೊಳಗಿನ ಗೊಂದಲ ನಮಗಷ್ಟೇ ಅಲ್ಲ, ಸಸ್ಯವಿಜ್ಞಾನಿಗಳಿಗೂ ಬಹುಕಾಲ ತಲೆನೋವಾಗಿತ್ತು. ಅಮೆರಿಕದ ಹೆಸರಾಂತ ತಳಿಗಾರ ಲೂಥರ್ ಬರ್ಬ್ಯಾಂಕ್ ಇದೇ ಬಳಗದ ಒಂದು ಗಿಡವನ್ನು ತಿನ್ನುವ ಹಣ್ಣೆಂದು ಬೆಳೆಸಿದರು. 1909ರಲ್ಲಿ ಅದು ‘ವಂಡರ್‌ಬೆರಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ, ಅದು ವಿಷದ ಗಿಡವೇ ಅಲ್ಲವೇ ಎಂದು ಅಲ್ಲಿಯ ಪತ್ರಿಕೆಯಲ್ಲಿ ದೊಡ್ಡ ಜಗಳವೇ ನಡೆಯಿತು. ಗಣಿಕೆಯನ್ನು ತಲೆಮಾರುಗಳಿಂದ ತಿಂದುಕೊಂಡು ಬಂದಿರುವವರ ಅಡುಗೆಮನೆಯ ತಿಳಿವಳಿಕೆ ನಿಮ್ಮ ಆಪ್‌ಗೆ ಇರುವುದಿಲ್ಲ. ಹಾಗೆಂದು ಆಪ್ ಒಂದು ಗಿಡವನ್ನು ‘ತಿನ್ನಬಹುದು’ ಎಂದು ಹೇಳಿದರೂ ಅದನ್ನು ನಂಬಬೇಡಿ. ಅದು ನೋಡುವುದು ಒಂದು ಚಿತ್ರವನ್ನು ಮಾತ್ರ.

ಪ್ರಶ್ನೆ: ಹೂ ಬಿಡುವ ಮೊದಲೇ ಕೊಯ್ದರೆ ಸೊಪ್ಪು ಎಳೆಯದಾಗಿ ಚೆನ್ನಾಗಿರುತ್ತದೆ ಎನ್ನುತ್ತಾರೆ. ಆದರೆ ಆಗ ಅದು ಉಮ್ಮತ್ತಿಯ ಸಸಿಯಂತೆಯೇ ಕಾಣುತ್ತದಲ್ಲ?
— ಕಾಲೇಜು ವಿದ್ಯಾರ್ಥಿನಿ, ಹಾವೇರಿ

ಉತ್ತರ: ಒಳ್ಳೆಯ ಪ್ರಶ್ನೆ, ಏಕೆಂದರೆ ಕರ್ನಾಟಕದಲ್ಲಿ ಸೊಪ್ಪು ಆಯುವವರು ನಿಜವಾಗಿ ಹೆದರಬೇಕಾದದ್ದು ಬೆಲ್ಲಡೋನಕ್ಕಲ್ಲ, ಉಮ್ಮತ್ತಿಗೆ, ಅಂದರೆ ದತ್ತೂರಕ್ಕೆ. ತಿಪ್ಪೆ, ರಸ್ತೆಯ ಬದಿ, ಪಾಳು ಹೊಲಗಳಲ್ಲಿ ಎರಡೂ ಒಟ್ಟಿಗೆ ಬೆಳೆಯುತ್ತವೆ. ಮೊಳಕೆಯ ಹಂತದಲ್ಲಿ ಉಮ್ಮತ್ತಿಯ ಮೊದಲ ಎರಡು ಬೀಜದೆಲೆಗಳು ಉದ್ದವಾಗಿ, ಕಿರಿದಾಗಿ, ಭರ್ಜಿಯ ಅಲಗಿನ ಹಾಗಿರುತ್ತವೆ. ಗಣಿಕೆಯವು ಚಿಕ್ಕವು ಮತ್ತು ಮೊಟ್ಟೆಯಾಕಾರದವು. ತುಸು ಬೆಳೆದ ಮೇಲೆ ಉಮ್ಮತ್ತಿಯ ಎಲೆ ಗಣಿಕೆಯದಕ್ಕಿಂತ ಬಹಳ ದೊಡ್ಡದಾಗುತ್ತದೆ, ಅದರ ಬುಡದ ಎರಡು ಬದಿಗಳು ಸಮನಾಗಿ ಸೇರದೆ ಒಂದು ಮೇಲೆ ಒಂದು ಕೆಳಗೆ ನಿಲ್ಲುತ್ತವೆ, ಎಲೆಯನ್ನು ಉಜ್ಜಿದರೆ ಬರುವ ಕೆಟ್ಟ ವಾಸನೆ ಕೈಯಿಂದ ಬೇಗ ಹೋಗುವುದಿಲ್ಲ.

ಇಷ್ಟು ಹೇಳಿದ ಮೇಲೂ, ಹೂವಿಲ್ಲದ ಸಸಿಯನ್ನು ಎಲೆ ಮಾತ್ರ ನೋಡಿ ಕೊಯ್ಯುವುದು ಚಿಕ್ಕಂದಿನಿಂದ ಹೊಲದಲ್ಲಿ ಸೊಪ್ಪು ಆಯ್ದವರಿಗೆ ಬಿಟ್ಟ ಕೆಲಸವೆಂದು ನನ್ನ ಅಭಿಪ್ರಾಯ. ಹೊಸಬರು ಒಂದು ಗಿಡವನ್ನು ಹೂ ಹಣ್ಣು ಬಿಡುವವರೆಗೆ ಕಾದು ನೋಡಿ, ಅದೇ ಗಿಡದ ಬೇರೆ ಕವಲುಗಳಲ್ಲಿ ಹೊಸದಾಗಿ ಚಿಗುರಿದ ಕುಡಿಗಳನ್ನು ಚಿವುಟಿಕೊಳ್ಳಲಿ. ಉಮ್ಮತ್ತಿಯಲ್ಲಿರುವ ಅಟ್ರೋಪಿನ್, ಸ್ಕೋಪೋಲಮಿನ್ ಎಂಬ ವಿಷಗಳು ಬೇಯಿಸಿದರೆ ಹೋಗುವಂಥವಲ್ಲ. ಊಟ ಮಾಡಿದ ಕೆಲವು ಹೊತ್ತಿನಲ್ಲೇ ಬಾಯಿ ಒಣಗುವುದು, ಕಣ್ಣಿನ ಪಾಪೆ ಅಗಲವಾಗುವುದು, ಮೈ ಬಿಸಿಯಾಗಿ ಕೆಂಪಾಗುವುದು, ಅರ್ಥವಿಲ್ಲದ ಮಾತುಗಳನ್ನಾಡುವುದು ಕಂಡುಬಂದರೆ ಮಜ್ಜಿಗೆ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ಪಾತ್ರೆಯಲ್ಲಿ ಉಳಿದ ಸಾರನ್ನೂ ಬೇಯಿಸದೆ ಉಳಿದ ಸೊಪ್ಪನ್ನೂ ಜೊತೆಗೊಯ್ದರೆ ವೈದ್ಯರಿಗೆ ಅನುಕೂಲವಾಗುತ್ತದೆ.

ಪ್ರಶ್ನೆ: ನಾನು ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿಯ ಪಾರ್ಕಿನಲ್ಲಿ ನಮ್ಮೂರ ಗಣಿಕೆಯಂಥದ್ದೇ ಗಿಡ ಕಂಡೆ. ಕೊಯ್ಯಬಹುದೇ?
— ಸಾಫ್ಟ್‌ವೇರ್ ಉದ್ಯೋಗಿ, ಮೂಲತಃ ಹಾಸನ

ಉತ್ತರ: ಬೇಡ. ನೀವು ಕಂಡದ್ದು ಗಣಿಕೆಯೇ ಇರಬಹುದು, ಏಕೆಂದರೆ ನೈಗ್ರಮ್ ಯುರೋಪಿನ ಹಳೆಯ ಕಳೆಗಿಡ. ಆದರೆ ನೀವಿರುವ ಪ್ರದೇಶದ ಕಾಡಂಚುಗಳಲ್ಲಿ ಬೆಲ್ಲಡೋನ ನಿಜವಾಗಿಯೂ ಬೆಳೆಯುತ್ತದೆ. ನೇರಳೆ ಹೂ, ಕೆಂಪು ಹಣ್ಣುಗಳ ಹಂಬಿನ ಜಾತಿಯ ಡಲ್ಕಮಾರ ಎಂಬ ಮತ್ತೊಂದು ವಿಷದ ಗಿಡವೂ ಅಲ್ಲಿದೆ. ಊರಿನಲ್ಲಿ ಕಲಿತ ಗುರುತುಗಳು ಇಂಥ ಹೋಲಿಕೆಯ ಗಿಡಗಳಿಲ್ಲದ ನೆಲದಲ್ಲಿ ಕಲಿತವು ಎಂಬುದನ್ನು ಮರೆಯಬಾರದು. ಮೇಲಾಗಿ ಅಲ್ಲಿಯ ಕಾಡು ಗಣಿಕೆಯನ್ನು ತಿನ್ನುವ ರೂಢಿ ಸ್ಥಳೀಯರಲ್ಲಿ ಇಲ್ಲ. ಅದೇ ನೈಗ್ರಮ್ ಆದರೂ ಆ ತಳಿಯಲ್ಲಿ ವಿಷದ ಅಂಶ ಎಷ್ಟಿದೆಯೆಂದು ತಿಂದು ತಿಳಿದವರು ನಿಮ್ಮ ಹತ್ತಿರ ಇರುವುದಿಲ್ಲ.

ಪ್ರಶ್ನೆ: ಗಣಿಕೆಯ ಹಸಿರು ಕಾಯಿ ವಿಷವೆಂದು ಓದಿದ್ದೇನೆ. ಹಾಗಿದ್ದರೆ ತಮಿಳುನಾಡಿನ ಅಂಗಡಿಗಳಲ್ಲಿ ಮಣತ್ತಕ್ಕಾಳಿ ವತ್ತಲ್ ಎಂದು ಅದನ್ನೇ ಒಣಗಿಸಿ ಮಾರುತ್ತಾರಲ್ಲ, ಅದು ಹೇಗೆ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ನೀವು ಓದಿದ್ದೂ ಸರಿ, ನೋಡಿದ್ದೂ ಸರಿ. ಗಣಿಕೆಯಲ್ಲಿ ಸೊಲನಿನ್ ಮತ್ತು ಅದರ ಬಳಗದ ಸೊಲಸೋನಿನ್, ಸೊಲಮಾರ್ಜಿನ್ ಎಂಬ ಕಹಿ ರಾಸಾಯನಿಕಗಳಿವೆ. ಬಿಸಿಲಿಗೆ ಬಿದ್ದು ಹಸಿರುಗಟ್ಟಿದ ಆಲೂಗಡ್ಡೆಯನ್ನು ಎಸೆಯಬೇಕೆಂದು ಹೇಳುವುದು ಇದೇ ಸೊಲನಿನ್ ಕಾರಣದಿಂದ. ಗಣಿಕೆಯಲ್ಲಿ ಇವು ಎಲ್ಲಕ್ಕಿಂತ ಹೆಚ್ಚಾಗಿ ಎಳೆಯ ಹಸಿರು ಕಾಯಿಯಲ್ಲಿರುತ್ತವೆ, ಕಾಯಿ ಮಾಗುತ್ತ ಹೋದಂತೆ ಬಹಳ ಕಡಿಮೆಯಾಗುತ್ತವೆ. ಅಡುಗೆಮನೆಯ ಶಾಖಕ್ಕೆ ಇವು ನಾಶವಾಗುವುದಿಲ್ಲ; ನೀರಿನಲ್ಲಿ ಬೇಯಿಸಿದಾಗ ಒಂದಷ್ಟು ಭಾಗ ಆ ನೀರಿಗೆ ಇಳಿಯುತ್ತದೆ, ಅಷ್ಟೆ. ಹೆಚ್ಚಾಗಿ ತಿಂದವರಿಗೆ ಕೆಲವು ಗಂಟೆಗಳಲ್ಲಿ ಹೊಟ್ಟೆನೋವು, ವಾಂತಿ, ಭೇದಿ, ತಲೆನೋವು ಬರುತ್ತವೆ. ಚಿಕ್ಕ ಮಕ್ಕಳಿಗೆ ಅಪಾಯ ಹೆಚ್ಚು.

ಆದರೆ ವಿಷದ ಪ್ರಮಾಣ ಎಲ್ಲ ಗಿಡಗಳಲ್ಲೂ ಒಂದೇ ಸಮನಾಗಿರುವುದಿಲ್ಲ. ಜಾತಿ, ತಳಿ, ಮಣ್ಣು, ಕಾಯಿಯ ಮಾಗುವಿಕೆ ಎಲ್ಲಕ್ಕೂ ಅನುಸಾರವಾಗಿ ಅದು ಏರಿಳಿಯುತ್ತದೆ. ತಮಿಳುನಾಡಿನಲ್ಲಿ ಮಣತ್ತಕ್ಕಾಳಿಯನ್ನು ತೋಟದ ಬೆಳೆಯಾಗಿ ಬೆಳೆಯುತ್ತಾರೆ. ಕಾಯಿಗಳನ್ನು ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿ, ಬಿಸಿಲಿನಲ್ಲಿ ಒಣಗಿಸಿ, ಮತ್ತೆ ಮತ್ತೆ ಹಾಗೆಯೇ ಮಾಡಿ, ಕೊನೆಗೆ ಎಣ್ಣೆಯಲ್ಲಿ ಕರಿದು ಕುಳಂಬಿಗೆ ಹಾಕುತ್ತಾರೆ. ಒಬ್ಬರ ಎಲೆಗೆ ಬೀಳುವುದು ಒಂದೆರಡು ಚಮಚ. ಇಂಡೋನೇಷ್ಯದ ಸುಂಡಾ ಜನರಂತೂ ಲೆಉಂಚ ಎಂದು ಕರೆಯುವ ಇದೇ ಬಳಗದ ಹಸಿರು ಕಾಯಿಯನ್ನು ಅನ್ನದ ಜೊತೆ ಹಸಿಯಾಗಿಯೇ ತಿನ್ನುತ್ತಾರೆ. ಇವೆಲ್ಲ ತಮಗೆ ಪರಿಚಿತವಾದ ತಳಿಯನ್ನು ತಮಗೆ ಗೊತ್ತಿರುವ ಪ್ರಮಾಣದಲ್ಲಿ ತಿನ್ನುವವರ ರೂಢಿಗಳು. ಅವರನ್ನು ನೋಡಿ ಬೇಲಿಯ ಬದಿಯ ಗಿಡದಿಂದ ಬೊಗಸೆ ಹಸಿರು ಕಾಯಿ ಕಿತ್ತು ತರುವುದು ಸರಿಯಲ್ಲ. ವತ್ತಲ್ ಬೇಕಾದರೆ ಅಂಗಡಿಯಿಂದ ಕೊಳ್ಳಿ, ಇಲ್ಲವೇ ಅದನ್ನು ಮಾಡಿಕೊಂಡು ಬಂದಿರುವ ಮನೆಯವರಿಂದ ಬೀಜ ತಂದು ಬೆಳೆಸಿಕೊಳ್ಳಿ.

ಕಪ್ಪಗೆ ಮಾಗಿದ ಹಣ್ಣಿನ ವಿಷಯ ಬೇರೆ. ಹಳ್ಳಿಯ ಮಕ್ಕಳು ಶಾಲೆಯಿಂದ ಬರುವಾಗ ಕಾಗೆ ಹಣ್ಣೆಂದು ಕಿತ್ತು ತಿನ್ನುವುದು ಇದನ್ನೇ. ಸಿಹಿಯೊಳಗೆ ಟೊಮೇಟೊದ ಹುಳಿಯ ನೆನಪಿರುವ ಆ ರುಚಿಯನ್ನು ಬಲ್ಲ ಓದುಗರು ಅನೇಕರಿರಬೇಕು. ಬಾಯಿಗೆ ಹಾಕಿದ ಹಣ್ಣು ಕಹಿಯೆನಿಸಿದರೆ ಅಲ್ಲಿಯೇ ಉಗಿಯಲು ಮಕ್ಕಳಿಗೆ ಹೇಳಿಕೊಡಿ. ಲಂಟಾನದ ಕಪ್ಪು ಹಣ್ಣೂ ಗೊಂಚಲಾಗಿರುವುದರಿಂದ, ಒರಟಾದ ಎಲೆಯಿರುವ, ನಾಲ್ಕು ಏಣಿನ ಕಾಂಡದ ಆ ಪೊದೆಯ ಹತ್ತಿರ ಹೋಗಬಾರದೆಂದೂ ಹೇಳಿ. ಹಕ್ಕಿ ತಿನ್ನುತ್ತದೆ, ಹುಳು ಎಲೆಯನ್ನು ತೂತು ಮಾಡಿದೆ, ಆದ್ದರಿಂದ ವಿಷವಿಲ್ಲ ಎಂಬ ವಾದವನ್ನು ಹಿರಿಯರೇ ಮಾಡುವುದುಂಟು. ಹಕ್ಕಿ ಹುಳುಗಳ ಜೀರ್ಣಶಕ್ತಿ ನಮ್ಮದಲ್ಲ. ಆ ವಾದವನ್ನು ಕೈಬಿಡುವುದು ಒಳಿತು. ಮಗು ಹಸಿರು ಕಾಯಿಗಳನ್ನು ತಿಂದಿದೆಯೆಂದು ತಿಳಿದರೆ ಬಾಯೊಳಗೆ ಉಳಿದದ್ದನ್ನು ತೆಗೆದು, ಬಲವಂತವಾಗಿ ವಾಂತಿ ಮಾಡಿಸದೆ, ಗಿಡದ ಒಂದು ಕೊಂಬೆಯೊಂದಿಗೆ ವೈದ್ಯರ ಬಳಿ ಹೋಗಿ. ವಿಷಪ್ರಾಶನದ ಬಗ್ಗೆ ದೂರವಾಣಿಯಲ್ಲಿ ಸಲಹೆ ನೀಡುವ ರಾಷ್ಟ್ರೀಯ ಕೇಂದ್ರವೊಂದು ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿದೆ.

ಪ್ರಶ್ನೆ: ಬಸ್ಸಾರಿನಲ್ಲಿ ಸೊಪ್ಪು ಬೇಯಿಸಿ ಬಸಿದ ನೀರನ್ನೇ ಸಾರಿಗೆ ಬಳಸುತ್ತೇವೆ. ಗಣಿಕೆಗೆ ಇದು ನಡೆಯುತ್ತದೆಯೇ? ಅಡುಗೆಯ ಕ್ರಮವನ್ನೂ ತಿಳಿಸಿ.
— ಓದುಗರು, ಚನ್ನಪಟ್ಟಣ

ಉತ್ತರ: ಅಣ್ಣೆ, ಗೋಣಿ, ಹೊನಗೊನೆ ಮುಂತಾದ ಸೊಪ್ಪುಗಳ ನಡುವೆ ಒಂದು ಹಿಡಿ ಗಣಿಕೆಯ ಕುಡಿ ಬೆರೆತಿದ್ದರೆ ಬಸಿದ ನೀರನ್ನು ಚೆಲ್ಲಬೇಕಾಗಿಲ್ಲ, ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ನಡೆದುಕೊಂಡು ಬಂದಿರುವುದೂ ಹೀಗೆಯೇ. ಗಣಿಕೆಯೊಂದನ್ನೇ ಹೆಚ್ಚಾಗಿ ಬೇಯಿಸುವುದಾದರೆ ಮಾತ್ರ, ಅದರಲ್ಲೂ ಗಿಡ ನಿಮಗೆ ಹೊಸದಾಗಿದ್ದರೆ, ಧಾರಾಳ ನೀರಿನಲ್ಲಿ ಕುದಿಸಿ ಮೊದಲ ನೀರನ್ನು ಚೆಲ್ಲುವುದು ಲೇಸು. ಸಾರಿನ ರುಚಿ ಸ್ವಲ್ಪ ಸೋಲುತ್ತದೆಂಬುದನ್ನು ಒಪ್ಪುತ್ತೇನೆ.

ಕುಡಿಗಳನ್ನು ಆಯುವಾಗ ಹೂವು, ಮೊಗ್ಗು, ಹಸಿರು ಕಾಯಿಗಳನ್ನು ಬಿಡಿಸಿ ಹಾಕಿ. ಬಲಿತ ಎಲೆಗಳನ್ನು ಬಿಟ್ಟು ಎಳೆಯದನ್ನು ಇಟ್ಟುಕೊಳ್ಳಿ. ಮಸ್ಸೊಪ್ಪಿಗೆ ತೊಗರಿಬೇಳೆ ಮುಕ್ಕಾಲು ಬೆಂದಾಗ ಸೊಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ, ಟೊಮೇಟೊ ಸೇರಿಸಿ ಬೇಯಿಸಿ, ಹುಣಸೆ ಮತ್ತು ಉಪ್ಪು ಹಾಕಿ ಕಡಗೋಲಿನಿಂದ ಮಸೆದು, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ರಾಗಿಮುದ್ದೆಗೆ ಸರಿಯಾದ ಜೋಡಿ. ಮಲೆನಾಡಿನ ಕ್ರಮದಲ್ಲಿ ತಂಬುಳಿ ಮಾಡುವವರು ಒಂದು ಸಣ್ಣ ಹಿಡಿ ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನೊಂದಿಗೆ ಬಾಡಿಸಿ, ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸುತ್ತಾರೆ. ಗಣಿಕೆಯ ನವಿರಾದ ಕಹಿ ನನಗೆ ಮಸ್ಸೊಪ್ಪಿಗಿಂತ ತಂಬುಳಿಯಲ್ಲಿಯೇ ಚೆನ್ನಾಗಿ ತಿಳಿಯುತ್ತದೆ. ನವಿರಾದ ಕಹಿ ಸಹಜ; ನಾಲಿಗೆಯನ್ನು ಹಿಡಿಯುವಂಥ ಕಹಿಯಿದ್ದರೆ ಮಾಡಿದ ಅಡುಗೆಯನ್ನು ಚೆಲ್ಲಲು ಹಿಂಜರಿಯಬೇಡಿ. ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಕಾಡಿನಿಂದ ತಂದ ಗಣಿಕೆ ಬೇಡ.

ಪ್ರಶ್ನೆ: ಬಾಯಿಹುಣ್ಣಿಗೂ ಕಾಮಾಲೆಗೂ ಗಣಿಕೆಯ ರಸ ರಾಮಬಾಣವಂತೆ, ನಿಜವೇ?
— ಓದುಗರು, ಶಿರಾ

ಉತ್ತರ: ಬಾಯಿಹುಣ್ಣಾದಾಗ ಗಣಿಕೆಯ ತಂಬುಳಿ ಉಣ್ಣುವ ರೂಢಿ ಅನೇಕ ಮನೆಗಳಲ್ಲಿದೆ, ಊಟದ ಪ್ರಮಾಣದಲ್ಲಿ ಅದರಿಂದ ತೊಂದರೆಯಿಲ್ಲ. ಕಾಮಾಲೆಗೆ ಹಸಿ ಎಲೆಯ ರಸವನ್ನು ಲೋಟಗಟ್ಟಲೆ ಕುಡಿಯುವುದನ್ನು ಮಾತ್ರ ಖಂಡಿತವಾಗಿ ಮಾಡಬೇಡಿ. ಕಾಮಾಲೆಗೆ ಕಾರಣಗಳು ಹಲವು. ಯಾವುದೆಂದು ರಕ್ತಪರೀಕ್ಷೆಯಿಂದಲೇ ತಿಳಿಯಬೇಕು. ಚರಕ ಸಂಹಿತೆಯೂ ಕಾಕಮಾಚಿಯನ್ನು ಬರಿದೆ ಹೊಗಳಿ ಸುಮ್ಮನಾಗಿಲ್ಲ, ಜೇನಿನೊಂದಿಗೆ ಸೇವಿಸಬಾರದೆಂದು ವಿರುದ್ಧಾಹಾರಗಳ ನಡುವೆ ಅದನ್ನು ಎಣಿಸಿದೆ.

ಪ್ರಶ್ನೆ: ನಮ್ಮ ಬಡಾವಣೆಯ ಖಾಲಿ ನಿವೇಶನಗಳಲ್ಲಿ, ರಾಜಕಾಲುವೆಯ ದಂಡೆಯಲ್ಲಿ ಗಣಿಕೆ ಸೊಂಪಾಗಿ ಬೆಳೆದಿದೆ. ಚೆನ್ನಾಗಿ ತೊಳೆದರೆ ಸಾಕಲ್ಲವೇ?
— ಓದುಗರು, ಕೆಂಗೇರಿ, ಬೆಂಗಳೂರು

ಉತ್ತರ: ಸಾಲದು. ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ನಿಮ್ಮದೇ. ಗಣಿಕೆಯನ್ನು ಸರಿಯಾಗಿ ಗುರುತಿಸಿದ ಮಾತ್ರಕ್ಕೆ ಅದು ತಿನ್ನಲು ಯೋಗ್ಯವಾಗುವುದಿಲ್ಲ, ಅದು ನಿಂತಿರುವ ನೆಲವೂ ಯೋಗ್ಯವಾಗಿರಬೇಕು. ನಗರದಲ್ಲಿರುವವರಿಗೆ ಗಿಡದ ಸ್ವಂತ ವಿಷಕ್ಕಿಂತ ನೆಲದ ವಿಷವೇ ದೊಡ್ಡ ಅಪಾಯ.

ಇದಕ್ಕೆ ವಿಶೇಷವಾದ ಕಾರಣವೊಂದಿದೆ. ಕ್ಯಾಡ್ಮಿಯಮ್ ಎಂಬ ಭಾರಲೋಹವನ್ನು ಮಣ್ಣಿನಿಂದ ಹೀರಿ ಎಲೆ ಕಾಂಡಗಳಲ್ಲಿ ಕೂಡಿಡುವುದರಲ್ಲಿ ಗಣಿಕೆ ಅಸಾಮಾನ್ಯ ಶಕ್ತಿಯುಳ್ಳ ಗಿಡ. ಚೀನದ ಸಂಶೋಧಕರು ಇದನ್ನು ತೋರಿಸಿಕೊಟ್ಟ ಮೇಲೆ, ಕಲುಷಿತ ಮಣ್ಣನ್ನು ಶುದ್ಧಗೊಳಿಸಲು ಗಣಿಕೆಯನ್ನು ಬೆಳೆಸಿ, ಕಿತ್ತು, ವಿಲೇವಾರಿ ಮಾಡುವ ವಿಧಾನದ ಬಗ್ಗೆಯೇ ಅಧ್ಯಯನಗಳು ನಡೆದಿವೆ. ಮಣ್ಣಿಗೆ ಉಪಕಾರಿಯಾದ ಈ ಗುಣ ತಿನ್ನುವವರಿಗೆ ಮಾರಕ. ಕ್ಯಾಡ್ಮಿಯಮ್ ದೇಹದಿಂದ ಸುಲಭವಾಗಿ ಹೊರಹೋಗದೆ ಮೂತ್ರಪಿಂಡಗಳಲ್ಲಿ ವರ್ಷಗಟ್ಟಲೆ ಉಳಿದು ಅವುಗಳನ್ನು ಹಾಳುಮಾಡುತ್ತದೆ. ಎಲೆಯ ಒಳಗಿರುವ ಲೋಹ ತೊಳೆದರೂ ಹೋಗದು, ಬೇಯಿಸಿದರೂ ಹೋಗದು, ರುಚಿಯಲ್ಲೂ ತಿಳಿಯದು. ನಿಮ್ಮ ಪಕ್ಕದಲ್ಲೇ ಹರಿಯುವ ವೃಷಭಾವತಿ ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತುಕೊಂಡು ಹೋಗುತ್ತದೆ. ಅದರ ನೀರು ಮುಟ್ಟುವ ನೆಲ, ರಾಜಕಾಲುವೆಯ ದಂಡೆ, ಕಟ್ಟಡದ ಅವಶೇಷ ಸುರಿದ ನಿವೇಶನ, ಗ್ಯಾರೇಜು, ಬಣ್ಣದ ಕೆಲಸ ಅಥವಾ ಬ್ಯಾಟರಿ ದುರಸ್ತಿ ನಡೆಯುವ ಜಾಗ, ಹೆದ್ದಾರಿಯ ಅಂಚು ಇವುಗಳಿಂದ ಗಣಿಕೆಯನ್ನಾಗಲಿ ಬೇರೆ ಯಾವ ಸೊಪ್ಪನ್ನಾಗಲಿ ತರಬೇಡಿ. ಅಲ್ಲಿ ಅದು ಎಷ್ಟೇ ಸೊಂಪಾಗಿದ್ದರೂ ಸರಿ. ಸಂತೆಯಲ್ಲಿ ಬೆರಕೆ ಸೊಪ್ಪು ಮಾರುವ ಹೆಂಗಸರಲ್ಲಿ ಎಲ್ಲಿಂದ ತಂದದ್ದೆಂದು ಕೇಳಿ ಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ.

ಪ್ರಶ್ನೆ: ನಮ್ಮ ಟೊಮೇಟೊ ತೋಟದಲ್ಲಿ ಗಣಿಕೆ ತುಂಬಾ ಹುಟ್ಟುತ್ತದೆ. ಕಿತ್ತುಹಾಕಬೇಕೋ, ಸೊಪ್ಪಿಗೆ ಉಳಿಸಬೇಕೋ? ಬೇರೆ ಕಡೆ ಬೆಳೆಸುವುದಾದರೆ ಹೇಗೆ?
— ರೈತರು, ಮುಳಬಾಗಿಲು, ಕೋಲಾರ ಜಿಲ್ಲೆ

ಉತ್ತರ: ತೋಟದೊಳಗಿನದನ್ನು ಕೀಳಿ. ಟೊಮೇಟೊಗೆ ಎಲೆಮುಟುರು ರೋಗ ತರುವ ನಂಜು (ವೈರಸ್) ಬಿಳಿನೊಣದ ಮೂಲಕ ಹರಡುತ್ತದೆ. ಬೆಳೆಯಿಲ್ಲದ ಕಾಲದಲ್ಲಿ ಆ ನೊಣಕ್ಕೂ ನಂಜಿಗೂ ಗಣಿಕೆ ಆಸರೆಯಾಗುತ್ತದೆ. ಟೊಮೇಟೊಗೆ ಹೊಡೆದ ಔಷಧಿಯೆಲ್ಲ ಅದರ ಮೇಲೂ ಬಿದ್ದಿರುವುದರಿಂದ ಕಿತ್ತ ಗಿಡವನ್ನು ಅಡುಗೆಗೂ ಒಯ್ಯಬೇಡಿ, ದನಗಳಿಗೂ ಹಾಕಬೇಡಿ.

ಮನೆಬಳಕೆಗೆ ಟೊಮೇಟೊ, ಬದನೆ, ಮೆಣಸಿನಕಾಯಿ ಬೆಳೆಗಳಿಂದ ದೂರವಾಗಿ ಹಿತ್ತಿಲಿನಲ್ಲಿ ಒಂದು ಮಡಿ ಮಾಡಿದರೆ ಸಾಕು. ನಿಮ್ಮ ಮನೆಯವರು ತಿಂದು ಬಲ್ಲ ಗಿಡದಿಂದ ಚೆನ್ನಾಗಿ ಮಾಗಿದ ಹಣ್ಣುಗಳನ್ನು ತಂದು, ನೀರಿನಲ್ಲಿ ಕಿವುಚಿ, ಬೀಜವನ್ನು ಸೋಸಿ ನೆರಳಿನಲ್ಲಿ ಒಣಗಿಸಿಕೊಳ್ಳಿ. ಬೀಜ ಬಹಳ ಸಣ್ಣದಾದ್ದರಿಂದ ಮರಳಿನೊಂದಿಗೆ ಬೆರೆಸಿ ತೆಳ್ಳಗೆ ಚೆಲ್ಲಿ, ಮೇಲೆ ಹುಡಿಮಣ್ಣು ಉದುರಿಸಿ, ತೇವ ಆರದಂತೆ ನೋಡಿಕೊಳ್ಳಿ. ಸಸಿಗಳು ಗೇಣುದ್ದವಾದಾಗ ಒಂದಡಿಗೆ ಒಂದರಂತೆ ಉಳಿಸಿ, ತುದಿಯನ್ನು ಚಿವುಟಿ. ಚಿವುಟಿದಷ್ಟೂ ಪಕ್ಕದ ಕವಲುಗಳು ಒಡೆಯುತ್ತವೆ. ಮೊಗ್ಗು ಕಂಡಾಗಲೆಲ್ಲ ತೆಗೆಯುತ್ತ ಬಂದರೆ ಎಲೆ ಹೆಚ್ಚು ಕಾಲ ಎಳೆಯದಾಗಿ ಸಿಗುತ್ತದೆ. ಮುಂದಿನ ಬಿತ್ತನೆಯ ಬೀಜಕ್ಕೆಂದು ಒಂದೆರಡು ಗಿಡಗಳನ್ನು ಮುಟ್ಟದೆ ಬಿಡಿ, ಹಣ್ಣು ಕಪ್ಪಾಗುವ ಹೊತ್ತಿಗೆ ಅವುಗಳಿಗೆ ಬಲೆ ಹೊದಿಸಿ, ಇಲ್ಲವಾದರೆ ಪಿಕಳಾರಗಳು ನಿಮಗೆ ಒಂದು ಹಣ್ಣನ್ನೂ ಉಳಿಸುವುದಿಲ್ಲ.